ಗುರುತು ಹಾಕದ ಕದಗಳು

ನಡುಮನೆಯ ಕಿಟಕಿಯ ಕದವೊಂದು ಬೆಳಗಿನ ತಿಂಡಿಯ ಹೊತ್ತಿಗೆ ಕಳಚಿಕೊಂಡು ಬೀದಿಗೆ ಬಿತ್ತು. ಬಿದ್ದದ್ದು ಎದುರುಮನೆ ಮೇಷ್ಟರ ಸ್ಕೂಟರಿನ ಸೀಟಿನ ಮೇಲೆ. ಮೇಷ್ಟರು ಇನ್ನೂ ಅದರ ಮೇಲೆ ಕೂತಿರಲಿಲ್ಲ ಅನ್ನುವುದೊಂದು ಪುಣ್ಯ.

ಸೊಸೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಓಡಿಹೋಗಿ ಕದವನ್ನು ಎತ್ತಿ ತಂದಳು. ಒಂದು ಮೂಲೆ ಉದ್ದಕ್ಕೆ ಸೀಳಿತ್ತು. ತಿರುಗಣಿಯಿದ್ದ ಜಾಗದಲ್ಲಿ ಮರ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು.

"ನೋಡಿದ್ರಾ ಅಪ್ಪ?" ಅಂದ ಅವಳ ಗಂಡ. ಅವನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮಾತನ್ನೂ ಅಳೆದು ಪೊಟ್ಟಣ ಕಟ್ಟಿಯೇ ಕೊಡುವವನು. "ಎಷ್ಟು ಸಲ ಹೇಳಿದೀನಿ, ಎಲ್ಲಾ ಕಿತ್ತಾಕಿ ಅಲ್ಯೂಮಿನಿಯಂ ಹಾಕಿಸೋಣ ಅಂತ. ನಮ್ಮ ಅಂಗಡೀಲಿ ಹಾಕಿದಾರೆ, ಒಂದು ಬೆರಳಲ್ಲಿ ತಳ್ಳಿದ್ರೆ ಸರಿಯುತ್ತೆ."

"ಇದು ತೇಗ ಕಣೋ," ಅಂದರು ಮಾವ. "ನಿನ್ನ ಅಲ್ಯೂಮಿನಿಯಂ ಪಾತ್ರೆ ಮಾಡೋಕೆ ಲಾಯಕ್ಕು. ಕಿತ್ತಾಕೋದು ಬೇಡ. ನಾನೇ ರಿಪೇರಿ ಮಾಡ್ತೀನಿ."

ತಿನ್ನುತ್ತಿದ್ದವರೆಲ್ಲ ಒಮ್ಮೆ ನಿಲ್ಲಿಸಿದರು. ಅದಕ್ಕೆ ಕಾರಣವಿತ್ತು. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯ ಸಾಮಾನುಗಳೆಲ್ಲ ಅವರ ಕಣ್ಣಿಗೆ ಪುಟ್ಟ ಪುಟ್ಟ ಬಸ್ಸುಗಳ ಹಾಗೆ ಕಾಣತೊಡಗಿದ್ದವು. ಅವರು ಬಿಚ್ಚಿ ಜೋಡಿಸಿದ ಮಿಕ್ಸಿ ಈಗ ರುಬ್ಬುವುದಕ್ಕಿಂತ ಕೂಗುವುದೇ ಹೆಚ್ಚು. ಅವರು ಸರಿಮಾಡಿದ ಇಸ್ತ್ರಿಪೆಟ್ಟಿಗೆ ಒಂದೇ ಹದಕ್ಕೆ ಕಾಯುತ್ತಿತ್ತು, ಸುಡುವ ಹದಕ್ಕೆ. ಬಟ್ಟೆ ಹೊಲಿದು ನಾಲ್ಕು ಕಾಸು ಸಂಪಾದಿಸುವ ಸೊಸೆಗೆ ಅದರಿಂದ ಆದ ಫಜೀತಿ ಒಂದೆರಡಲ್ಲ. ಆದರೂ ಅವಳು ಬಾಯಿ ಬಿಟ್ಟಿರಲಿಲ್ಲ.

"ಸರಿ," ಅಂದ ಗಂಡ. "ತಿಂಗಳ ಕೊನೇ ಭಾನುವಾರ ಅಲ್ಯೂಮಿನಿಯಂನವನು ಅಳತೆಗೆ ಬರ್ತಾನೆ. ಅಷ್ಟರೊಳಗೆ ಎಲ್ಲಾ ಕಿಟಕೀನೂ ನೆಟ್ಟಗೆ ಮುಚ್ಚಿದ್ರೆ ಅವನನ್ನ ಹಾಗೇ ವಾಪಸ್ ಕಳಿಸ್ತೀನಿ. ಮುಚ್ಚದೆ ಇದ್ರೆ ನಿಮ್ಮ ಆ ಪೆಟ್ಟಿಗೆ ಗುಜರಿಗೆ. ಇನ್ಮೇಲೆ ಈ ಮನೇಲಿ ನೀವು ಯಾವುದಕ್ಕೂ ಕೈ ಹಾಕೋ ಹಾಗಿಲ್ಲ."

ಪೆಟ್ಟಿಗೆ ಅಂದರೆ ಮಾವನ ಮಂಚದ ಕೆಳಗಿದ್ದ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ. ಕೆಲಸವಿರಲಿ ಇಲ್ಲದಿರಲಿ, ಮಾವ ದಿನಾ ಅದನ್ನು ಎಳೆದು, ಒಂದೊಂದೇ ಸ್ಪ್ಯಾನರನ್ನು ಎತ್ತಿ ಒರೆಸಿ, ಮತ್ತೆ ಮಲಗಿಸುತ್ತಿದ್ದರು. ಮಾವ ಈಗ ಬ್ರೆಡ್ಡಿನ ಅಂಚನ್ನು ಚಹಾಕ್ಕೆ ಅದ್ದಿ, ಅದು ಮೆತ್ತಗಾಗಿ ಮುರಿದು ಲೋಟದೊಳಗೆ ಬೀಳುವವರೆಗೂ ಹಿಡಿದುಕೊಂಡೇ ಕೂತರು.

"ಗುಜರಿಯವನು ನನ್ನನ್ನೂ ತಗೊಂಡು ಹೋಗ್ತಾನಾ ಕೇಳು," ಅಂದರು ಅತ್ತೆ. "ಪೆಟ್ಟಿಗೆ ಹೋದ್ರೆ ಇವರು ಇಡೀ ದಿನ ಅಡುಗೆಮನೆಗೆ ಬಂದು ನನ್ನ ತಲೆ ತಿಂತಾರೆ."

ಮಾವ ಮಾರನೆಯ ದಿನವೇ ಶುರುಮಾಡಿದರು. ಸೊಸೆ ಶಾಲೆಯ ಸಮವಸ್ತ್ರಗಳ ಕಾಲರು ಕೂಡಿಸುತ್ತ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಂದೊಂದಾಗಿ ಕೋಣೆಗಳಲ್ಲಿ ಬೆಳಕು ಹೆಚ್ಚುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಮನೆಯ ಆರು ಕಿಟಕಿಗಳೂ ಬೋಳಾಗಿ, ಹನ್ನೆರಡು ಕದಗಳೂ ಹಿತ್ತಿಲ ಗೋಡೆಗೆ ಸಾಲಾಗಿ ಒರಗಿದ್ದವು. ಅವಳು ಚಹಾ ಹಿಡಿದು ಹಿತ್ತಿಲಿಗೆ ಬಂದಾಗ ಮಾವ ಬನಿಯನ್ನಿನಲ್ಲಿ ಕೂತು ಹಳೆಯ ಬಣ್ಣ ಕೆರೆಯುತ್ತಿದ್ದರು.

ಅವಳು ಕದಗಳನ್ನು ನೋಡಿದಳು. ಹಿಂದುಮುಂದು ನೋಡಿದಳು.

"ಮಾವ, ಗುರುತು ಎಲ್ಲಿ ಹಾಕಿದೀರ?"

"ಯಾವ ಗುರುತು?"

"ಯಾವ ಕದ ಯಾವ ಕಿಟಕೀದು ಅಂತ."

"ಗುರುತು ಯಾತಕ್ಕಮ್ಮಾ? ಎಲ್ಲಾ ಒಂದೇ ಅಳತೆ. ಟೇಪು ಹಿಡಿದು ನೋಡಿದೀನಿ." ಮಾವ ಚಹಾ ಹೀರಿದರು. "ಡಿಪೋದಲ್ಲಿ ಈ ಬಸ್ಸಿನ ಚಕ್ರ ಬಿಚ್ಚಿ ಆ ಬಸ್ಸಿಗೆ ಹಾಕ್ತಿದ್ವಿ. ಚಕ್ರ ಒಂದು ದಿನ ತಕರಾರು ಮಾಡಿದ್ದಿಲ್ಲ."

ಅಂಗಿಯ ಎಡತೋಳಿಗೂ ಬಲತೋಳಿಗೂ ಸೀಮೆಸುಣ್ಣದಿಂದ ಗುರುತು ಹಾಕದೆ ಕತ್ತರಿ ಎತ್ತದ ಹೆಂಗಸು ಅವಳು. ಆದರೆ ಮಾವನ ಮುಖದಲ್ಲಿ ಅಷ್ಟು ದಿನಗಳ ನಂತರ ಬೆವರು, ಖುಷಿ ಎರಡೂ ಕಾಣುತ್ತಿದ್ದವು. ಲೋಟ ತೆಗೆದುಕೊಂಡು ಸುಮ್ಮನೆ ಒಳಗೆ ಬಂದಳು.

ಕಿಟಕಿಗಳಿಲ್ಲದ ಮನೆ ಅಂದರೆ ಬೀದಿಯಲ್ಲೇ ಸಂಸಾರ ಹೂಡಿದ ಹಾಗೆ. ಸರಳುಗಳಿಗೆ ಹಳೆಯ ಹೊದಿಕೆ, ವೃತ್ತಪತ್ರಿಕೆ ಏನೇನೋ ಕಟ್ಟಿದ್ದಾಯಿತು. ನೋಟಕ್ಕೆ ಅಡ್ಡ ಬಂತೇ ಹೊರತು ಮಾತಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಗಂಡ, "ನನ್ನ ಕನ್ನಡಕ ಎಲ್ಲಿಟ್ರಿ ಎಲ್ಲಾರೂ ಸೇರಿ?" ಅಂತ ಕೂಗಾಡಿದಾಗ ಬೀದಿಯಲ್ಲಿ ಹೋಗುತ್ತಿದ್ದ ಯಾರೋ, "ತಲೆ ಮೇಲೆ ನೋಡ್ಕೊಳ್ಳಿ ಸ್ವಾಮಿ," ಅಂದರು. ಅಲ್ಲೇ ಇತ್ತು.

ಆಮೇಲಿಂದ ಎಲ್ಲರೂ ಪಿಸುದನಿಯಲ್ಲಿ ಜಗಳವಾಡಲು ಕಲಿತರು. ಪಿಸುಗುಟ್ಟಿದರೆ ಕೇಳಿಸದಲ್ಲ, ಅದಕ್ಕೆ ಹತ್ತಿರ ಬರಬೇಕು. ಅಪ್ಪ ಮಗ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, "ಧೂಳಲ್ಲಿ ಅನ್ನ ತಿನ್ನಿಸ್ತಿದೀರ," "ನೀನು ತಿನ್ನಬೇಡ," ಅಂತ ಗುಸುಗುಸು ಮಾಡುವುದನ್ನು ಕಂಡು ಹನ್ನೊಂದು ವರ್ಷದ ಮಗಳು, "ಅಜ್ಜಿ, ಇವರು ಜಗಳ ಆಡ್ತಿದಾರಾ, ಗುಟ್ಟು ಹೇಳ್ತಿದಾರಾ?" ಅಂದಳು.

"ಇಬ್ಬರಿಗೂ ಗೊತ್ತಿಲ್ಲ ಕಣೇ," ಅಂದರು ಅತ್ತೆ.

ಎರಡು ವಾರ ಕಳೆಯಿತು. ಕೊಳೆತ ಮೂಲೆಗಳಿಗೆ ಮಾವ ಹೊಸ ಮರದ ತುಂಡು ಕೂರಿಸಿ ಅಂಟು ಹಾಕಿದರು. ಸೀಳಿದ್ದಕ್ಕೆ ಮೊಳೆ ಹೊಡೆಯದೆ ಹಗ್ಗ ಬಿಗಿದು ಒಣಗಿಸಿದರು. ಸೊಸೆಗೆ ಆಶ್ಚರ್ಯವೇ ಆಯಿತು. ಮಿಕ್ಸಿ ಹಾಳು ಮಾಡಿದ ಕೈ ಇದೇನಾ ಅನ್ನುವಷ್ಟು ಒಪ್ಪವಾದ ಕೆಲಸ. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಕದಗಳು ಹೊಸದಾಗಿ ಸ್ನಾನ ಮಾಡಿ ಬಂದವರ ಹಾಗೆ ನಿಂತಿದ್ದವು.

ಜೋಡಿಸುವ ದಿನ ಮಾವ ಬೇಗ ಎದ್ದರು. ಮೊದಲ ಕದವನ್ನು ನಡುಮನೆಯ ಚೌಕಟ್ಟಿಗೆ ಎತ್ತಿ ಸ್ಕ್ರೂ ಹಾಕಿದರು. ಅದು ಮುಚ್ಚಲಿಲ್ಲ. ಬಿಚ್ಚಿ ಇನ್ನೊಂದು ಹಾಕಿದರು. ಅದು ಮುಚ್ಚಿತು, ಆದರೆ ಮೇಲ್ಗಡೆ ಅಂಗೈ ತೂರುವಷ್ಟು ಸಂದು. ಮೂರನೆಯದು ಕೆಳಗೆ ತರಚಿತು. ಟೇಪಿಗೆ ಎಲ್ಲ ಒಂದೇ. ಚೌಕಟ್ಟಿಗೆ ಒಂದೂ ಅಲ್ಲ. ಮನೆ ವರ್ಷಾನುಗಟ್ಟಲೆ ಒಂದೊಂದು ಕೋಣೆಯಲ್ಲಿ ಒಂದೊಂದು ಕಡೆ ಕುಸಿದು ವಾಲಿಕೊಂಡಿತ್ತು. ಆಗಾಗ ಬಂದ ಬಡಗಿಗಳು ಆಯಾ ಕದವನ್ನು ಆಯಾ ವಾಲಿಕೆಗೆ ತಕ್ಕಂತೆ ಕೂದಲೆಳೆಯಷ್ಟು ಹೆರೆದು ಹೋಗಿದ್ದರು. ಸಂಜೆಯವರೆಗೆ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ನಡುಮನೆಯ ಚೌಕಟ್ಟಿನ ಸ್ಕ್ರೂ ತೂತುಗಳೆಲ್ಲ ಸಡಿಲಾದವು. ಬೆಂಕಿಕಡ್ಡಿ ತುರುಕಿ ಬಿಗಿ ಮಾಡಬೇಕಾಯಿತು.

ಗಂಡ ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತು ನೋಡಿದ. "ಏನಪ್ಪಾ, ಚಕ್ರ ತಕರಾರು ಮಾಡ್ತಿದೆಯಾ?"

ಮಾವ ಊಟಕ್ಕೆ ಏಳಲಿಲ್ಲ. ತಟ್ಟೆಯನ್ನು ಅವರಿದ್ದಲ್ಲಿಗೇ ತೆಗೆದುಕೊಂಡು ಹೋದ ಸೊಸೆಗೆ ಕಂಡದ್ದು ಅವರ ಕೈಯಲ್ಲಿದ್ದ ಉಜ್ಜುಗೊರಡು.

"ಎಲ್ಲಾನೂ ಒಂದೊಂದು ಎಳೆ ಹೆರೆದುಬಿಡ್ತೀನಮ್ಮಾ. ಆಗ ಯಾವುದು ಎಲ್ಲಿಗಾದ್ರೂ ಕೂರುತ್ತೆ."

"ಕೂರುತ್ತೆ. ಸಂದು ಬಿಟ್ಕೊಂಡು ಕೂರುತ್ತೆ," ಅಂದಳು ಅವಳು. "ಕತ್ತರಿಸಿದ್ದನ್ನ ಬೆಳೆಸೋಕಾಗಲ್ಲ ಮಾವ. ನಾನು ಕತ್ತರಿ ಇಡೋ ಮುಂಚೆ ಮೂರು ಸಲ ನೋಡ್ತೀನಿ. ಅದನ್ನ ಕೆಳಗಿಡಿ, ಮೊದಲು ಊಟ ಮಾಡಿ. ನಾಳೆ ಇವುಗಳ ಜೊತೆ ನಾನೂ ಕೂರ್ತೀನಿ."

"ಕೂತು ಏನು ಮಾಡ್ತೀಯ?"

"ಗೊತ್ತಿಲ್ಲ. ನೋಡ್ತೀನಿ."

ಮಾರನೆಯ ದಿನ ಒಲೆ ಕೆಲಸ ಮುಗಿಸಿ ಅವಳು ಹಿತ್ತಿಲಿಗೆ ಬಂದು, ತೋಳುಗಳನ್ನು ಜೋಡಿ ಮಾಡುವ ಹಾಗೆಯೇ ಕದಗಳನ್ನು ಜೋಡಿ ಮಾಡಲು ಕೂತಳು. ಚಿಲಕ ಇರುವ ಕದಕ್ಕೂ ಅದು ಸೇರುವ ಕದಕ್ಕೂ ತೂತುಗಳು ಎದುರುಬದುರು ಬರಬೇಕಲ್ಲ. ಮಗಳು ಒಂದು ತುದಿ ಹಿಡಿದಳು. ಹೊತ್ತು ಇಳಿಯುವುದರೊಳಗೆ ಹನ್ನೆರಡು ಕದ ಆರು ಜೋಡಿಯಾದವು. ಬಿದ್ದು ಸೀಳಿದ ಕದ ನಡುಮನೆಯದೆಂದು ಎಲ್ಲರಿಗೂ ಗೊತ್ತಿತ್ತು. ಅದರ ಜೋಡಿ ಸಿಕ್ಕಿದ್ದೇ ತಡ, ಮಾವ ಎರಡನ್ನೂ ಹೊತ್ತೊಯ್ದು ಹಾಕಿದರು. ಕಿಟಕಿ ಟಪ್ ಅಂತ ಮುಚ್ಚಿತು. ಮಾವ ಮತ್ತೆ ತೆರೆದು ಮತ್ತೆ ಮುಚ್ಚಿದರು, ಸುಮ್ಮನೆ, ಆ ಸದ್ದು ಕೇಳುವುದಕ್ಕೆ.

ಉಳಿದ ಐದು ಜೋಡಿಯ ಮನೆ ಯಾವುದು? ಸೊಸೆ ಒಬ್ಬೊಬ್ಬರನ್ನೇ ಹಿತ್ತಿಲಿಗೆ ಕರೆದಳು.

"ನನಗೇನು ಗೊತ್ತೇ," ಅಂದರು ಅತ್ತೆ. "ಕಿಟಕಿ ಅಂದ್ರೆ ಕಿಟಕಿ. ಅದರ ಮುಖ ಯಾರು ನೋಡಿದಾರೆ?"

"ನೋಡಬೇಡಿ. ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಕೋಣೆ ಕಿಟಕಿ ಹೆಂಗೆ ತೆಗೀತೀರ? ಹಂಗೇ ತಳ್ಳಿ."

ಅತ್ತೆ ಗೊಣಗುತ್ತ ಮೊದಲನೆಯದನ್ನು ತಳ್ಳಿದರು. ಎರಡನೆಯದು. ಮೂರನೆಯದರ ಮೇಲೆ ಅವರ ಅಂಗೈ ನಿಂತಿತು. ಎದೆಯೆತ್ತರದಲ್ಲಿ ಒಂದು ಕಡೆ ಮರ ಬಟ್ಟಲಿನ ಹಾಗೆ ಸ್ವಲ್ಪವೇ ಸ್ವಲ್ಪ ತಗ್ಗಾಗಿತ್ತು. ಕಣ್ಣಿಗೆ ಕಾಣದು, ಕೈಗೆ ಗೊತ್ತಾಗುತ್ತಿತ್ತು. ಅತ್ತೆ ಕೈ ತೆಗೆದು, ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಮತ್ತೆ ಅಲ್ಲೇ ಇಟ್ಟರು.

"ಅಯ್ಯೋ ಇದರ ಮನೆ ಕಾಯ," ಅಂದರು ಮೆಲ್ಲಗೆ. "ಇಷ್ಟು ವರ್ಷ ತಳ್ಳಿದೀನಾ ನಾನು?"

"ನನ್ನನ್ನೂ ಹಂಗೇ ತಳ್ಳಿದೀಯ," ಅಂದರು ಮಾವ.

"ನಿಮ್ಮಲ್ಲಿ ತಗ್ಗು ಬೀಳಲಿಲ್ಲವಲ್ಲ."

ಮಗಳು ತನ್ನದನ್ನು ಯಾರೂ ಕೇಳುವ ಮೊದಲೇ ಹುಡುಕಿದ್ದಳು. ಅವಳ ಕಿಟಕಿಯ ಮರದಲ್ಲಿ ಒಂದು ಗಂಟಿತ್ತು, ಬೆಕ್ಕಿನ ಮುಖದ ಹಾಗೆ. ಜ್ವರ ಬಂದು ಮಲಗಿದ್ದಾಗಲೆಲ್ಲ ಅದರ ಜೊತೆ ಮಾತಾಡಿದ್ದಳಂತೆ. "ಬಣ್ಣ ಹೋದ ಮೇಲೆ ಇದಕ್ಕೆ ಮೀಸೆ ಕೂಡ ಬಂದಿದೆ ನೋಡಮ್ಮ," ಅಂದಳು.

ಈ ಹೆಣ್ಣುಮಗುವಿನ ತಲೆಯಲ್ಲಿ ಹೀಗೊಂದು ಬೆಕ್ಕು ವಾಸವಾಗಿದ್ದದ್ದು ತಾಯಿಗೆ ಅಂದೇ ಗೊತ್ತಾದದ್ದು.

ಗಂಡನನ್ನು ಕರೆತರುವುದೇ ಕಷ್ಟವಾಯಿತು. ಭಾನುವಾರಕ್ಕೆ ಇನ್ನೆರಡು ದಿನವಿತ್ತು. "ನಾನ್ಯಾಕೆ ಬರಲಿ? ಎದುರು ಪಕ್ಷದವನು ನಾನು," ಅಂತ ಊಟಕ್ಕೆ ಕೂತವನು, ಹೆಂಡತಿ ಎರಡನೆಯ ಸಲ ಅನ್ನ ಬಡಿಸದೆ ಕೈಕಟ್ಟಿ ನಿಂತಾಗ ಎದ್ದು ಬಂದ. ಒಂದು ಜೋಡಿಯನ್ನು ತಿರುಗಿಸಿ ನೋಡಿದ. ಇನ್ನೊಂದನ್ನು ನೋಡಿದ. ಮೂರನೆಯದರ ಬಲಗಡೆಯ ಕದದಲ್ಲಿ ಅವನ ಬೆರಳು ಒಂದು ಮೊಳೆ ತೂತಿನ ಮೇಲೆ ನಿಂತಿತು.

"ಇದು ನಮ್ಮ ಕೋಣೇದು. ಆಗ ಅದು ಅಪ್ಪಂದು. ಇಲ್ಲಿ ಕನ್ನಡಿ ನೇತಾಡ್ತಿತ್ತು. ಇಲ್ಲೇ ಗಡ್ಡ ಮಾಡ್ಕೊಳ್ತಿದ್ರು."

"ಕೆಳಗೆ ಇನ್ನೊಂದು ತೂತಿದೆಯಲ್ಲ?" ಅಂದಳು ಸೊಸೆ. ಅದನ್ನು ಅವಳು ಆಗಲೇ ನೋಡಿಟ್ಟಿದ್ದಳು. ಮೇಲಿನದಕ್ಕಿಂತ ಒಂದು ಗೇಣು ಕೆಳಗೆ, ಅದೇ ನೇರಕ್ಕೆ.

ಗಂಡ ಆ ತೂತನ್ನೇ ನೋಡಿದ. ಮಾವ ಮರದ ಹೊಟ್ಟನ್ನು ಗುಡಿಸತೊಡಗಿದರು, ಗುಡಿಸಿದ್ದನ್ನೇ ಮತ್ತೆ.

"ಅದು ಇವನಿಗೆ," ಅಂದರು ಅತ್ತೆ. "ಮೊದಲನೇ ಸಲ ಮೀಸೆ ಚಿಗುರಿದಾಗ ತುದಿಗಾಲಲ್ಲಿ ನಿಂತು ಇಣುಕ್ತಿದ್ದ. ಕೆಳಗಿಳಿಸಿ ಅಂತ ಕೇಳೋಕೆ ನಾಚಿಕೆ. ಒಂದಿನ ಇವರು ಡಿಪೋಗೆ ಹೋಗೋ ಮುಂಚೆ ಕನ್ನಡಿ ಮೊಳೇನ ಕೆಳಗೆ ಹೊಡೆದು ಹೋದ್ರು. ಆಮೇಲೆ ತಾವು ಬಗ್ಗಿ ಗಡ್ಡ ಮಾಡ್ಕೊಂಡ್ರು, ಇವನು ಎತ್ತರ ಆಗೋ ತನಕ."

"ಅಪ್ಪಂಗೆ ಮೀಸೆ ಚಿಗುರಿತ್ತಾ?" ಅಂತ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ನಾಲ್ಕೇ ಕೂದಲು," ಅಂದರು ಮಾವ ಗುಡಿಸುತ್ತಲೇ. "ಬಸ್ಸಿನ ವೈಪರ್ ಹಂಗೆ."

ಗಂಡ ಕದದ ಒಂದು ತುದಿ ಎತ್ತಿ, "ಹಿಡ್ಕೊಳ್ಳಿ ಅಪ್ಪ, ಒಬ್ಬರೇ ಎತ್ತಬೇಡಿ," ಅಂದ. ಇಬ್ಬರೂ ಅದನ್ನು ಒಳಗೆ ಒಯ್ದರು. ಒಳಗಿನಿಂದ, "ಸ್ವಲ್ಪ ಮೇಲೆ," "ಮೇಲೇ ಇದೆ," "ನಿಮ್ಮ ಕಡೆ," ಅಂತ ಜೋರು ದನಿ ಕೇಳಿಸಿತು. ಪಿಸುಗುಟ್ಟುವುದನ್ನು ಇಬ್ಬರೂ ಮರೆತಿದ್ದರು.

ಉಳಿದದ್ದು ಎರಡು ಜೋಡಿ. ಒಂದು ಸಾಮಾನು ಕೋಣೆಯದು. ಇನ್ನೊಂದು ಅಡುಗೆಮನೆಯದು.

"ಇದು ನಿಂದು," ಅಂದರು ಮಾವ ಸೊಸೆಗೆ. "ಅಡುಗೆಮನೆ ಕಿಟಕಿ ಮುಂದೆ ಹದಿನಾಲ್ಕು ವರ್ಷ ನಿಂತಿರೋಳು ನೀನು. ಯಾವುದು ಹೇಳು. ಹಾಕಿ ನೋಡೋಣ ಅಂದ್ರೆ ಆ ಚೌಕಟ್ಟು ಹಬೆ ಕುಡಿದು ಕುಡಿದು ಮೆತ್ತಗಾಗಿದೆ. ಸಾಮಾನು ಕೋಣೇದನ್ನ ಗೆದ್ದಲು ತಿಂದಿದೆ. ಎರಡಕ್ಕೂ ತೇಪೆ ಹಾಕಿದೀನಿ, ಆದ್ರೆ ಒಂದು ಸಲ ಸ್ಕ್ರೂ ಹಿಡಿದ್ರೆ ಹೆಚ್ಚು. ತಪ್ಪಾದ್ರೆ ಬಿಚ್ಚಿ ಇನ್ನೊಂದು ಹಾಕೋಕೆ ಆಗಲ್ಲ."

ಅವಳು ಎರಡೂ ಜೋಡಿಗಳ ಮುಂದೆ ಕೂತಳು. ಅಂಗೈ ಇಟ್ಟು ನೋಡಿದಳು. ಗಂಟು, ಮೊಳೆ, ಗೀರು ಎಲ್ಲ ಹುಡುಕಿದಳು. ಏನೂ ಹೊಳೆಯಲಿಲ್ಲ. ಆ ಕಿಟಕಿಯಾಚೆ ಇದ್ದದ್ದೆಲ್ಲ ಅವಳಿಗೆ ಬಾಯಿಪಾಠ: ಪಕ್ಕದ ಮನೆಯ ಒಣಗುಹಗ್ಗ, ನೀರಿನ ತೊಟ್ಟಿಯ ಅಂಚಿನಲ್ಲಿ ಕೂರುವ ಕಾಗೆ, ಮಗಳು ಶಾಲೆಯಿಂದ ಬರುವಾಗ ಮೊದಲು ಕಾಣುವ ಚೀಲದ ಕೆಂಪು. ಕದ ಮಾತ್ರ ಗೊತ್ತಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಕತ್ತಲಲ್ಲೇ ತೆಗೆದು ಹೊರಗೋಡೆಗೆ ಒರಗಿಸಿದರೆ, ಮತ್ತೆ ಮುಚ್ಚುವುದು ಪಾತ್ರೆ ತೊಳೆದಾದ ಮೇಲೆ, ದೀಪ ಆರಿಸಿ. ಹದಿನಾಲ್ಕು ವರ್ಷ ಅವಳು ಅದರಾಚೆ ನೋಡಿದ್ದಳೇ ಹೊರತು ಅದನ್ನು ನೋಡಿರಲಿಲ್ಲ.

ಬೇರೆಯವರದನ್ನೆಲ್ಲ ಅಷ್ಟು ಹುರುಪಿನಿಂದ ಹುಡುಕಿಸಿದವಳಿಗೆ ಅಂದು ಊಟ ಸೇರಲಿಲ್ಲ.

"ಬಿಡು, ಒಂದನ್ನ ಆರಿಸ್ಕೊ," ಅಂದ ಗಂಡ ಮಾರನೆಯ ದಿನ. "ನಾಲ್ಕು ಕಿಟಕಿ ಆಯ್ತಲ್ಲ."

"ಎಲ್ಲಾ ಕಿಟಕೀನೂ ಅಂತ ಹೇಳಿದ್ದು ನೀನೇ," ಅಂದರು ಮಾವ. "ಮಾತು ಮಾತೇ. ಅವಳು ಹೇಳೋ ತನಕ ನಾನು ಸ್ಕ್ರೂ ಮುಟ್ಟಲ್ಲ." ಸುಮ್ಮನೆ ಕೂರಲಾರದೆ ಅವರು ಆ ಎರಡು ಜೋಡಿಗೂ ಪ್ರೈಮರ್ ಬಳಿಯಲು ಹಿತ್ತಿಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಬೈಗುಳ ಕೇಳಿಸಿತು. ಅವಳು ಕೈಯಲ್ಲಿದ್ದ ಸೌಟಿನೊಂದಿಗೇ ಓಡಿದಳು.

"ಆ ಬಣ್ಣದಂಗಡಿಯವನು ಹಾಳು ಮಾಲು ಕೊಟ್ಟಿದಾನೆ. ನೋಡಿಲ್ಲಿ."

ಒಂದು ಜೋಡಿಯ ಮೇಲೆ ಪ್ರೈಮರ್ ನುಣ್ಣಗೆ ಹರಡಿ ಆಗಲೇ ಒಣಗುತ್ತಿತ್ತು. ಇನ್ನೊಂದರ ಮೇಲೆ ಅದು ನಿಲ್ಲುತ್ತಿರಲಿಲ್ಲ. ಬಳಿದಲ್ಲಿಂದ ಹಿಂದೆ ಸರಿದು, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಮುದ್ದೆಗಟ್ಟುತ್ತಿತ್ತು.

"ಅದೇ ಡಬ್ಬಿ, ಅದೇ ಕುಂಚ," ಅಂದಳು ಅವಳು. "ಅಂಗಡಿಯವನದಲ್ಲ ತಪ್ಪು."

ಬಗ್ಗಿ, ಸೆರಗಿನ ತುದಿಯಿಂದ ಒಂದು ಕಡೆ ಪ್ರೈಮರ್ ಒರೆಸಿ, ಬರಿ ಮರಕ್ಕೆ ಮೂಗು ಹಚ್ಚಿದಳು.

"ಏನಮ್ಮಾ ಅದನ್ನ ಮೂಸ್ತಿದೀಯ?"

ಅವಳು ಇನ್ನೊಮ್ಮೆ ಉಸಿರು ಎಳೆದಳು. ಹುರಿದ ಈರುಳ್ಳಿ. ಕಾದ ಎಣ್ಣೆ. ಉಕ್ಕಿದ ಹಾಲು, ಸೀದ ಬೇಳೆ. ಕೆರೆದು ಉಜ್ಜಿದ ಮೇಲೂ ಮರದೊಳಗೆ ಉಳಿದಿತ್ತು, ಮಗಳು ಹುಟ್ಟುವ ಮುಂಚಿನ ಅಡುಗೆಗಳ ಹೊಗೆಯೂ ಸೇರಿ.

"ಇದೇ," ಅಂದಳು. "ಇದೇ ಮಾವ, ಅಡುಗೆಮನೇದು."

ಮಾವ ಕೂಡ ಬಗ್ಗಿ ಮೂಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಮೂಸಿದರು. "ಹೌದಲ್ಲಮ್ಮಾ," ಅಂದರು. "ನಮಗಿಂತ ಜಾಸ್ತಿ ಇದೇ ತಿಂದಿದೆ."

ಅವತ್ತು ಸಂಜೆ ಸೋಪಿನ ನೀರಲ್ಲಿ ಎರಡು ಸಲ ತೊಳೆದು ಒಣಗಿಸಿದ ಮೇಲೆ ಪ್ರೈಮರ್ ಹಿಡಿಯಿತು. ಭಾನುವಾರ ಬೆಳಿಗ್ಗೆ ಸಾಮಾನು ಕೋಣೆಯದನ್ನು ಹಾಕಿ, ಕೊನೆಗೆ ಅಡುಗೆಮನೆಗೆ ಬಂದರು. ಗಂಡ ಕದ ಹಿಡಿದ, ಮಾವ ಸ್ಕ್ರೂ ತಿರುಗಿಸಿದರು. ಅತ್ತೆ, "ನಿಧಾನ, ನಿಧಾನ," ಅನ್ನುತ್ತಿದ್ದರು. ತೇಪೆಯ ಮರ ಕಿರ್ರೆಂದಿತು, ಆದರೆ ಹಿಡಿದುಕೊಂಡಿತು. ಎರಡು ಕದಗಳೂ ಒಂದಕ್ಕೊಂದು ಸೇರಿ, ನಡುವೆ ನೂಲಿನಷ್ಟೂ ಬೆಳಕು ಬಿಡದೆ ಮುಚ್ಚಿದವು.

ಅಷ್ಟರಲ್ಲಿ ಅಲ್ಯೂಮಿನಿಯಂನವನು ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಎಲ್ಲಿಂದ ಅಳತೆ ಶುರು ಮಾಡ್ಲಿ ಸಾರ್?"

"ಚಹಾದಿಂದ," ಅಂದ ಗಂಡ. "ಕೂತ್ಕೊಳ್ಳಿ. ಸುಮ್ಮನೆ ನಿಮ್ಮನ್ನ ಓಡಾಡಿಸಿಬಿಟ್ಟೆ." ಆಮೇಲೆ ಅಪ್ಪನ ಕಡೆ ತಿರುಗಿ, ಅಳೆದು ಪೊಟ್ಟಣ ಕಟ್ಟಿದ ದನಿಯಲ್ಲಿ, "ಆ ಇಸ್ತ್ರಿಪೆಟ್ಟಿಗೆ ಮಾತ್ರ ಹೊಸದು ತರೋಣ. ಅದನ್ನ ನೀವು ಬಿಚ್ಚಬಾರದು," ಅಂದ.

ಮಾವ ತಲೆಯಾಡಿಸಿದರು. ಹಸಿರು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುವ ಮೊದಲು ಸೊಸೆಯನ್ನು ಕರೆದು, "ನಿನ್ನ ಸೀಮೆಸುಣ್ಣ ಒಂದು ಚೂರು ಕೊಡಮ್ಮಾ, ಇದರಲ್ಲಿ ಇಟ್ಕೊಂಡಿರ್ತೀನಿ," ಅಂದರು. ಅವಳು ನೀಲಿಯದೊಂದು ಹೊಸ ತುಂಡನ್ನೇ ಕೊಟ್ಟಳು.

ಒಲೆಯ ಮೇಲೆ ಚಹಾಕ್ಕೆ ನೀರು ಕುದಿಯುತ್ತಿತ್ತು. ಪಕ್ಕದ ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಗುತ್ತಿತ್ತು. ಅಡುಗೆಮನೆ ಹೊಗೆಯಿಂದ ತುಂಬತೊಡಗಿದಾಗ ಅತ್ತೆ ಕೆಮ್ಮುತ್ತ ಬಂದರು.

"ಏನೇ ಇದು, ಕಿಟಕಿ ಯಾಕೆ ಮುಚ್ಚಿಟ್ಟಿದೀಯ? ತೆಗಿ."

"ಒಂದ್ನಿಮಿಷ ಇರಿ ಅತ್ತೆ," ಅಂದಳು ಸೊಸೆ, ಮುಚ್ಚಿದ ಕದಗಳ ಮುಂದೆ ಸೌಟು ಹಿಡಿದು ನಿಂತು. "ಇನ್ನೂ ನೋಡ್ತಾ ಇದೀನಿ."